ಗಾಡ್ಜಿಲ್ಲಾ ಮತ್ತೆ ಬರಲಿ ಅಂದ್ರೆ ಏನರ್ಥ?

'ಗಾಡ್ಜಿಲ್ಲಾ ಮೈನಸ್ ಒನ್' ಚಿತ್ರ ನೋಡದೇ ಇರೋರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬಂದು ಮುಂದೆ ಓದಿ. ಯಾಕಂದ್ರೆ ನಾನು ಶುರು ಮಾಡೋದೇ ಅದರ ಕೊನೆಯಿಂದ.

ಯುದ್ಧದಲ್ಲಿ ಆತ್ಮಾಹುತಿ ವಿಮಾನ ಹಾರಿಸಬೇಕಿದ್ದ ಶಿಕಿಶಿಮಾ ವಿಮಾನ ಕೆಟ್ಟಿದೆ ಅಂತ ಸುಳ್ಳು ಹೇಳಿ ಬದುಕಿಕೊಂಡವನು. ಬದುಕಿದ್ದೇ ಅಪರಾಧ ಅನ್ನೋ ಭಾರ ಹೊತ್ತು ಎರಡು ವರ್ಷ ಒದ್ದಾಡ್ತಾನೆ. ಕೊನೆಗೆ ಸಿಡಿಮದ್ದು ತುಂಬಿದ ವಿಮಾನವನ್ನು ಗಾಡ್ಜಿಲ್ಲಾ ಬಾಯೊಳಗೆ ನುಗ್ಗಿಸ್ತಾನೆ, ಆದರೆ ತಾನು ಸಾಯಲ್ಲ. ಹಾರಿ ಹೊರಬರೋ ಸೀಟನ್ನು ಯಾರೋ ಅವನಿಗಾಗಿ ಅಳವಡಿಸಿರ್ತಾರೆ. ದಡಕ್ಕೆ ಬಂದರೆ ತಂತಿ ಬಂದಿರುತ್ತೆ. ಸತ್ತಳು ಅಂದುಕೊಂಡಿದ್ದ ನೊರಿಕೊ ಆಸ್ಪತ್ರೆಯಲ್ಲಿದ್ದಾಳೆ. ಅವಳು ಅವನನ್ನು ಕೇಳೋದು ಒಂದೇ ಪ್ರಶ್ನೆ: ನಿಮ್ಮ ಯುದ್ಧ ಮುಗೀತಾ ಅಂತ. ಅವನು ಅಳ್ತಾ ತಲೆಯಾಡಿಸ್ತಾನೆ. ಅಷ್ಟರಲ್ಲಿ ಕ್ಯಾಮೆರಾ ಅವಳ ಕುತ್ತಿಗೆ ಮೇಲೆ ಹರಿದಾಡೋ ಒಂದು ಕಪ್ಪು ಗುರುತನ್ನು ತೋರಿಸುತ್ತೆ. ಇತ್ತ ಸಮುದ್ರದ ಆಳಕ್ಕೆ ಇಳೀತಾ ಇರೋ ಗಾಡ್ಜಿಲ್ಲಾದ ಮಾಂಸದ ತುಂಡು ಮತ್ತೆ ಬೆಳೆಯೋಕೆ ಶುರುವಾಗಿರುತ್ತೆ. ಚಿತ್ರ ಮುಗೀತು.

ಅಭಿಮಾನಿಗಳು ಏನಂದ್ರು? ಮೊದಲನೇ ಮಾತು: 'ಅಬ್ಬಾ, ಬದುಕಿದಳಲ್ಲ, ಇನ್ನಾದ್ರೂ ಆ ಸಂಸಾರ ನೆಮ್ಮದಿಯಾಗಿರಲಿ.' ಎರಡನೇ ಮಾತು, ಅದೇ ಉಸಿರಲ್ಲಿ: 'ಭಾಗ 2 ಯಾವಾಗ?'

ಈ ಎರಡು ಮಾತೂ ಪ್ರೀತಿಯಿಂದಲೇ ಬಂದಿದ್ದು. ಆದರೆ ಎರಡೂ ಒಟ್ಟಿಗೆ ನಡೆಯೋಕೆ ಸಾಧ್ಯ ಇಲ್ಲ. ಭಾಗ 2 ಬರಬೇಕಾದ್ರೆ ಆ ಸಂಸಾರದ ನೆಮ್ಮದಿ ಕೆಡಲೇಬೇಕು. ಮಗು ಅಕಿಕೊ ಮತ್ತೆ ಹೆದರಿ ಅಳಲೇಬೇಕು. ನೊರಿಕೊ ಕೇಳಿದ ಪ್ರಶ್ನೆಗೆ ಶಿಕಿಶಿಮಾ 'ಹೌದು, ಮುಗೀತು' ಅಂತ ತಲೆಯಾಡಿಸಿದ. ಅಭಿಮಾನಿ ಮಾತ್ರ ಕುರ್ಚಿಯಲ್ಲಿ ಕೂತು 'ಇಲ್ಲ, ಮುಗಿದಿಲ್ಲ' ಅಂದ. ನಾವು ಇಷ್ಟಪಟ್ಟವರಿಗೆ ಕೇಡು ಬಯಸೋ ಈ ಆಸೆ ಎಂಥದ್ದು? ಇದು ಬರೀ ಮನರಂಜನೆಯ ಹಸಿವಾ, ಅಥವಾ ಇದರಲ್ಲಿ ಸರಿ ತಪ್ಪು ಅನ್ನೋದೇನಾದ್ರೂ ಇದೆಯಾ?

ನನ್ನ ಗೆಳೆಯನ ಹತ್ತಿರ ಇದನ್ನ ಹೇಳಿದಾಗ ಅವನು ನಕ್ಕ. 'ಲೋ, ಅದು ಒಂದು ಹಲ್ಲಿ ಕಣೋ. ಅವರೆಲ್ಲ ನಟರು. ಪ್ಯಾಕಪ್ ಆದ್ಮೇಲೆ ಮನೆಗೆ ಹೋಗಿ ಊಟ ಮಾಡಿರ್ತಾರೆ. ನೀನ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ?' ಅವನ ಮಾತು ತಪ್ಪಲ್ಲ. ಇಲ್ಲದ ಜನಕ್ಕೆ ಕೇಡು ಬಯಸಿದರೆ ಯಾರಿಗೂ ಕೇಡಾಗಲ್ಲ. ಆದರೆ ಗಾಡ್ಜಿಲ್ಲಾ ವಿಷಯದಲ್ಲಿ ಒಂದು ತೊಡಕಿದೆ. ಆ ಪ್ರಾಣಿ ಕಲ್ಪನೆ, ನಿಜ. ಆದರೆ ಅದನ್ನು ಹೆತ್ತ ಸಂಕಟ ಕಲ್ಪನೆಯಲ್ಲ.

*

1954ರ ಮಾರ್ಚ್ 1. ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ 'ಕ್ಯಾಸಲ್ ಬ್ರಾವೋ' ಅನ್ನೋ ಹೈಡ್ರೋಜನ್ ಬಾಂಬ್ ಸಿಡಿಸಿತು. ವಿಜ್ಞಾನಿಗಳ ಲೆಕ್ಕದಲ್ಲಿ ಅದರ ಶಕ್ತಿ ಸುಮಾರು 6 ಮೆಗಾಟನ್ ಇರಬೇಕಿತ್ತು, ಆಗಿದ್ದು 15. ಅಪಾಯದ ವಲಯ ಅಂತ ಗೆರೆ ಎಳೆದಿದ್ದರಲ್ಲ, ಅದರ ಹೊರಗೇ ಇದ್ದ 'ಲಕ್ಕಿ ಡ್ರ್ಯಾಗನ್ 5' ಅನ್ನೋ ಜಪಾನಿ ಮೀನುಗಾರಿಕೆ ದೋಣಿಯ ಮೇಲೆ ಬಿಳಿ ಬೂದಿ ಸುರಿಯಿತು. ಸುಟ್ಟ ಹವಳದ ಪುಡಿ, ವಿಕಿರಣ ತುಂಬಿಕೊಂಡಿದ್ದು. ದೋಣಿಯಲ್ಲಿದ್ದ 23 ಜನರೂ ಕಾಯಿಲೆ ಬಿದ್ದರು. ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ಕ್ಕೆ ತೀರಿಕೊಂಡರು. ಹಿರೋಶಿಮಾ, ನಾಗಸಾಕಿ ಆಗಿ ಒಂಬತ್ತೇ ವರ್ಷ. ಜಪಾನಿನ ಮನೆಮನೆಯಲ್ಲಿ ಮೀನು ತಿನ್ನೋಕೆ ಹೆದರಿಕೊಂಡರು.

ಕುಬೊಯಾಮಾ ಸತ್ತು 41 ದಿನಕ್ಕೆ, ಅಂದರೆ ನವೆಂಬರ್ 3ಕ್ಕೆ, ತೊಹೊ ಸಂಸ್ಥೆಯ 'ಗೊಜಿರಾ' ತೆರೆಗೆ ಬಂತು. ನಿರ್ದೇಶಕ ಇಶಿರೋ ಹೋಂಡಾ. ಚಿತ್ರ ಶುರುವಾಗೋದೇ ಒಂದು ದೋಣಿಯಿಂದ. ಸಮುದ್ರದಲ್ಲಿ ಕಣ್ಣು ಕೋರೈಸೋ ಬೆಳಕು, ದೋಣಿ ಭಸ್ಮ. ಅವತ್ತು ಟಿಕೆಟ್ ತಗೊಂಡು ಕೂತವರಿಗೆ ಇದು ಏನು ಅಂತ ಯಾರೂ ವಿವರಿಸಬೇಕಾಗಿರಲಿಲ್ಲ. ಮುಂದೆ ರೈಲಿನಲ್ಲಿ ಒಬ್ಬ ಹೆಣ್ಣುಮಗಳು, ನಾಗಸಾಕಿಯಿಂದ ಹೇಗೋ ತಪ್ಪಿಸಿಕೊಂಡು ಬಂದೆ, ಈಗ ಇದು ಬೇರೆ ಅಂತ ಗೊಣಗ್ತಾಳೆ. ಉರಿಯೋ ಕಟ್ಟಡದ ಬುಡದಲ್ಲಿ ಒಬ್ಬ ತಾಯಿ ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗ್ತೀವಿ ಅಂತ ಸಮಾಧಾನ ಮಾಡ್ತಾಳೆ. ಅಪ್ಪ ಎಲ್ಲಿದ್ದಾನೆ ಅಂತ ಚಿತ್ರ ಹೇಳಲ್ಲ, ಹೇಳಬೇಕಾಗಿಯೂ ಇಲ್ಲ. ಆಸ್ಪತ್ರೆಯಲ್ಲಿ ಮಗುವಿನ ಮೈಗೆ ಗೈಗರ್ ಯಂತ್ರ ಹಿಡೀತಾರೆ, ಅದು ಸದ್ದು ಮಾಡುತ್ತೆ, ವೈದ್ಯರು ಸುಮ್ಮನೆ ತಲೆ ಅಲ್ಲಾಡಿಸ್ತಾರೆ.

ಈ ಚಿತ್ರದಲ್ಲಿ ನನಗೆ ಮುಖ್ಯ ಅನ್ನಿಸೋದು ಇಬ್ಬರು ವಿಜ್ಞಾನಿಗಳು. ಒಬ್ಬ ಸೆರಿಜಾವಾ. ನೀರಿನೊಳಗಿನ ಆಮ್ಲಜನಕವನ್ನೇ ನಾಶ ಮಾಡೋ ಅಸ್ತ್ರ ಅವನ ಹತ್ತಿರ ಇದೆ. ಗಾಡ್ಜಿಲ್ಲಾ ಕೊಲ್ಲೋಕೆ ಬೇರೆ ದಾರಿ ಇಲ್ಲ. ಆದರೂ ಅವನು ಕೊಡೋಕೆ ಒಪ್ಪಲ್ಲ. ಅವನ ತರ್ಕ ಸರಳ: ಒಂದು ಸಲ ಬಳಸಿದರೆ ಸಾಕು, ಅಧಿಕಾರದಲ್ಲಿರೋರು ಎರಡನೇ ಸಲಕ್ಕೆ ಕೇಳಿಯೇ ಕೇಳ್ತಾರೆ. ಕಾಗದ ಸುಟ್ಟರೂ ನನ್ನ ತಲೆಯಲ್ಲಿ ಸೂತ್ರ ಉಳಿಯುತ್ತೆ, ಬಾಯಿ ಬಿಡಿಸ್ತಾರೆ. ಕೊನೆಗೆ ಒಪ್ಪಿದಾಗ ಟಿಪ್ಪಣಿಗಳನ್ನೆಲ್ಲ ಬೆಂಕಿಗೆ ಹಾಕ್ತಾನೆ. ಸಮುದ್ರದ ತಳಕ್ಕೆ ತಾನೇ ಇಳಿದು ಅಸ್ತ್ರ ಸಿಡಿಸಿ, ಮೇಲೆ ಬರೋ ಹಗ್ಗವನ್ನೂ ಕತ್ತರಿಸಿಕೊಳ್ತಾನೆ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ, ಸೀಕ್ವೆಲ್ ಬರಬಾರದು ಅಂತ ಜೀವ ಕೊಟ್ಟ ಮನುಷ್ಯ ಅವನು.

ಇನ್ನೊಬ್ಬ ಯಮಾನೆ, ವಯಸ್ಸಾದ ಪ್ರಾಗ್ಜೀವಶಾಸ್ತ್ರಜ್ಞ. ಎಲ್ಲರೂ ನಿಟ್ಟುಸಿರು ಬಿಡ್ತಿರೋವಾಗ ಅವನು ತನ್ನಷ್ಟಕ್ಕೆ ಹೇಳಿಕೊಳ್ತಾನೆ: ಇದೊಂದೇ ಕೊನೆಯ ಗಾಡ್ಜಿಲ್ಲಾ ಅಂತ ನನಗನ್ನಿಸಲ್ಲ, ಬಾಂಬ್ ಪರೀಕ್ಷೆ ಹೀಗೇ ನಡೀತಿದ್ದರೆ ಲೋಕದ ಇನ್ಯಾವುದೋ ಮೂಲೆಯಲ್ಲಿ ಇನ್ನೊಂದು ಬಂದೀತು.

ಅದು ಎಚ್ಚರಿಕೆ. ಆದರೆ ಅದೇ ಮಾತನ್ನು ಇವತ್ತಿನ ಅಭಿಮಾನಿಯ ಕಿವಿಯಿಂದ ಕೇಳಿ ನೋಡಿ. 'ಇನ್ನೊಂದು ಬಂದೀತು' ಅನ್ನೋದು ಮುಂದಿನ ಚಿತ್ರದ ಜಾಹೀರಾತಿನ ಹಾಗೆ ಕೇಳಿಸುತ್ತೆ. ಹೆದರಿಸೋಕೆ ಹೇಳಿದ್ದು ಆಸೆ ಹುಟ್ಟಿಸೋ ಮಾತಾಯ್ತು. ಇದಕ್ಕೆ ಹೆಚ್ಚು ದಿನವೂ ಹಿಡೀಲಿಲ್ಲ. ಚಿತ್ರ ಗೆದ್ದಿತು, ಸುಮಾರು 96 ಲಕ್ಷ ಟಿಕೆಟ್ ಹೋಯ್ತು. ಆರು ತಿಂಗಳು ತುಂಬೋ ಮೊದಲೇ, 1955ರ ಏಪ್ರಿಲ್‌ನಲ್ಲಿ, ಎರಡನೇ ಗಾಡ್ಜಿಲ್ಲಾ ಒಸಾಕಾ ನಗರಕ್ಕೆ ಬಂತು. ಸೆರಿಜಾವಾ ಸತ್ತಿದ್ದು ಯಾತಕ್ಕಾಯ್ತು ಅಂತ ಕೇಳೋರು ಯಾರೂ ಇರಲಿಲ್ಲ. 1995ರ ಚಿತ್ರದಲ್ಲಂತೂ ಅವನು ಬಚ್ಚಿಟ್ಟ ಆ ಅಸ್ತ್ರದ ಪರಿಣಾಮದಿಂದಲೇ ಹೊಸ ರಾಕ್ಷಸ ಹುಟ್ಟಿಕೊಳ್ತು. ರಕ್ತಬೀಜಾಸುರನ ಕಥೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ, ಒಂದೊಂದು ಹನಿ ನೆಲಕ್ಕೆ ಬಿದ್ದಲ್ಲೂ ಇನ್ನೊಬ್ಬ. 2024ರ ಹೊತ್ತಿಗೆ ಜಪಾನ್, ಅಮೆರಿಕ ಎರಡೂ ಸೇರಿ 38 ಚಿತ್ರ.

*

ಇಲ್ಲಿಗೆ ನಿಲ್ಲಿಸಿ, 'ನೋಡಿ, ದುಡ್ಡಿನ ಆಸೆ ಮತ್ತು ಅಭಿಮಾನಿಗಳ ಗಲಾಟೆ ಸೇರಿ ಒಂದು ಒಳ್ಳೆ ಚಿತ್ರದ ಅರ್ಥ ಕೆಡಿಸಿಬಿಟ್ಟವು' ಅಂತ ಬರೆದುಬಿಡಬಹುದು. ಅಂಥ ಲೇಖನಗಳು ಬೇಕಾದಷ್ಟಿವೆ. ಆದರೆ ಅದು ಪೂರ್ತಿ ನಿಜ ಅಲ್ಲ.

1969ರಲ್ಲಿ ಒಂದು ಗಾಡ್ಜಿಲ್ಲಾ ಚಿತ್ರ ಬಂತು, 'ಆಲ್ ಮಾನ್‌ಸ್ಟರ್ಸ್ ಅಟ್ಯಾಕ್'. ಹಳೇ ಚಿತ್ರಗಳ ದೃಶ್ಯಗಳನ್ನೇ ಕತ್ತರಿಸಿ ಅಂಟಿಸಿದ್ದಾರೆ ಅಂತ ಅದನ್ನು ಸರಣಿಯ ಅತ್ಯಂತ ಕೆಟ್ಟ ಚಿತ್ರಗಳ ಪಟ್ಟಿಯಲ್ಲಿ ಸೇರಿಸ್ತಾರೆ. ಕಥೆ ಇಷ್ಟೇ: ಕಾರ್ಖಾನೆಗಳ ಹೊಗೆ ತುಂಬಿದ ಬಡಾವಣೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಇಚಿರೋ ಅನ್ನೋ ಹುಡುಗ ಬೀಗದ ಕೈ ಹಿಡ್ಕೊಂಡು ಖಾಲಿ ಮನೆಗೆ ಬರ್ತಾನೆ. ದಾರಿಯಲ್ಲಿ ಹುಡುಗರು ಪೀಡಿಸ್ತಾರೆ. ಅವನು ಕನಸಿನಲ್ಲಿ ರಾಕ್ಷಸರ ದ್ವೀಪಕ್ಕೆ ಹೋಗಿ, ಗಾಡ್ಜಿಲ್ಲಾ ತನ್ನ ಮರಿಗೆ ಧೈರ್ಯ ಕಲಿಸೋದನ್ನ ನೋಡಿ ತಾನೂ ಕಲೀತಾನೆ. ಇದರ ನಿರ್ದೇಶಕ ಯಾರು ಗೊತ್ತಾ? ಅದೇ ಇಶಿರೋ ಹೋಂಡಾ. ಯುದ್ಧ ಮುಗಿಸಿ ಚೀನಾದಿಂದ ವಾಪಸ್ ಬರೋವಾಗ ಹಾಳಾದ ಹಿರೋಶಿಮಾವನ್ನು ಕಣ್ಣಾರೆ ನೋಡಿದ್ದ, 1954ರಲ್ಲಿ ಆ ತಾಯಿ ಮಕ್ಕಳ ದೃಶ್ಯ ತೆಗೆದಿದ್ದ ಹೋಂಡಾ.

ಅಂದರೆ ಭಯವನ್ನು ಗೆಳೆಯನನ್ನಾಗಿ ಮಾಡಿಕೊಳ್ಳೋದು ಅಭಿಮಾನಿಗಳು ಹೊರಗಿನಿಂದ ಬಂದು ಮಾಡಿದ ಕಿತಾಪತಿ ಅಲ್ಲ. ಭಯ ಪಟ್ಟವರೇ, ಭಯವನ್ನು ತೆರೆಗೆ ತಂದವರೇ, ಆಮೇಲೆ ಅದರ ಕೈ ಹಿಡ್ಕೊಂಡು ಮಕ್ಕಳನ್ನು ಶಾಲೆಗೆ ಕಳಿಸಿದರು. 2015ರಲ್ಲಿ ಟೋಕಿಯೋದ ಶಿಂಜುಕು ವಾರ್ಡು ಗಾಡ್ಜಿಲ್ಲಾವನ್ನು ತನ್ನ ವಿಶೇಷ ನಿವಾಸಿ ಮತ್ತು ಪ್ರವಾಸೋದ್ಯಮ ರಾಯಭಾರಿ ಅಂತ ನೇಮಿಸಿತು. ಊರು ಹಾಳು ಮಾಡಿದವನಿಗೇ ಊರಿನ ನಿವಾಸಿ ಪಟ್ಟ! ನಮ್ಮ ಕಡೆ ಮಾರಿಯನ್ನು ಊರಿನ ತಾಯಿ ಅಂತ ಕರೆದು ಜಾತ್ರೆ ಮಾಡಲ್ವಾ? ರೋಗ ತರೋಳೂ ಅವಳೇ, ಕಾಯೋಳೂ ಅವಳೇ. ಜನ ಮರೆತು ಹಾಗೆ ಮಾಡಲ್ಲ. ಮರೆಯೋಕಾಗದೇ ಇದ್ದಾಗ ಹಾಗೆ ಮಾಡ್ತಾರೆ.

ಹಾಗಾಗಿ ಚಪ್ಪಾಳೆ ಹೊಡೆಯೋದು ಕ್ರೌರ್ಯ ಅಂತ ನಾನು ಹೇಳಲ್ಲ. ಮೊದಲ ಗಾಡ್ಜಿಲ್ಲಾ ಅಂದರೆ ಸುಮಾರು 100 ಕೆಜಿ ತೂಕದ ಸೂಟಿನೊಳಗೆ ಬೆವರ್ತಾ ನಡೆದ ಹರುವೊ ನಕಾಜಿಮಾ. ಅವರು ತುಳಿದಿದ್ದು ಎಯ್ಜಿ ತ್ಸುಬುರಾಯಾ ತಂಡ 1:25ರ ಅಳತೆಯಲ್ಲಿ ಕಟ್ಟಿದ ಪುಟ್ಟ ಟೋಕಿಯೋವನ್ನು. ಮಕ್ಕಳು ಮರಳಿನಲ್ಲಿ ಮನೆ ಕಟ್ಟಿ ಕೊನೆಗೆ ಒದ್ದು ಬೀಳಿಸೋ ಖುಷಿ ಇದೆಯಲ್ಲ, ಅದರ ದೊಡ್ಡ ರೂಪ ಇದು. ಅದರಲ್ಲಿ ಪಾಪ ಇಲ್ಲ.

ಹಾಗಾದ್ರೆ ಗೆರೆ ಎಲ್ಲಿದೆ? ನನ್ನ ಪ್ರಕಾರ ಗೆರೆ ಇರೋದು ಕ್ಯಾಮೆರಾ ನಿಂತಿರೋ ಜಾಗದಲ್ಲಿ.

1954ರಲ್ಲಿ ಗಾಡ್ಜಿಲ್ಲಾ ಎತ್ತರ 50 ಮೀಟರ್. ಕ್ಯಾಮೆರಾ ಬಹಳ ಸಲ ಬೀದಿಯಲ್ಲಿ ನಿಂತು ತಲೆ ಎತ್ತಿ ನೋಡುತ್ತೆ. ಕಟ್ಟಡಗಳು ಬೆಳೆದ ಹಾಗೆ ಅದೂ ಬೆಳೀತು. 2014ರ ಅಮೆರಿಕದ ಚಿತ್ರದಲ್ಲಿ 108 ಮೀಟರ್, 2016ರ 'ಶಿನ್ ಗಾಡ್ಜಿಲ್ಲಾ'ದಲ್ಲಿ 118.5 ಮೀಟರ್. ಅಮೆರಿಕದ ಸರಣಿಯಲ್ಲಿ ಪ್ರಾಣಿಯ ಜೊತೆ ಕ್ಯಾಮೆರಾ ಕೂಡ ಮೇಲೇರಿತು. 2021ರಲ್ಲಿ ಹಾಂಗ್‌ಕಾಂಗ್‌ನ ಬಣ್ಣಬಣ್ಣದ ದೀಪಗಳ ನಡುವೆ ಗಾಡ್ಜಿಲ್ಲಾ ಕಾಂಗ್ ಹೊಡೆದಾಡೋವಾಗ ನಾವು ಅವುಗಳ ಭುಜದ ಎತ್ತರದಲ್ಲಿ ಹಾರಾಡ್ತಿರ್ತೀವಿ. 2024ರಲ್ಲಿ ಗಾಡ್ಜಿಲ್ಲಾ ರೋಮ್‌ನ ಕೊಲೊಸಿಯಂ ಒಳಗೆ ನಾಯಿಮರಿ ಥರ ಮುದುಡಿಕೊಂಡು ಮಲಗುತ್ತೆ, ಈಜಿಪ್ಟಿನ ಪಿರಮಿಡ್ ಹತ್ತಿರ ಕಾಂಗ್ ಜೊತೆ ಗುದ್ದಾಡುತ್ತೆ. ನೋಡೋಕೆ ಮಜಾ ಇದೆ, ಸುಳ್ಳು ಹೇಳಲ್ಲ. ಆದರೆ ಬೀಳೋ ಕಟ್ಟಡದ ಕಿಟಕಿಗಳ ಹಿಂದೆ ಯಾರಿದ್ದರು ಅನ್ನೋದು ಅಲ್ಲಿಂದ ಕಾಣಿಸಲ್ಲ. ವಿಮಾನದಿಂದ ಬಾಂಬ್ ಹಾಕಿದವನಿಗೂ ಊರು ಹೀಗೇ ಕಾಣಿಸಿರಬೇಕು.

*

ಅಮೆರಿಕದ ಸರಣಿಯ ಬಗ್ಗೆ ನನ್ನ ತಕರಾರು ಮಜಾ ಇರೋದರ ಬಗ್ಗೆ ಅಲ್ಲ. 2014ರ ಚಿತ್ರಕ್ಕೆ ಅಭಿಮಾನಿಗಳು ಇಟ್ಟ ದೊಡ್ಡ ಆಕ್ಷೇಪ, ಗಾಡ್ಜಿಲ್ಲಾ ತೆರೆ ಮೇಲೆ ಇರೋದೇ ಕೆಲವು ನಿಮಿಷ ಅನ್ನೋದು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿದ್ದು ಬೇರೆ. ಆ ಚಿತ್ರದ ಪ್ರಕಾರ 1954ರಲ್ಲಿ ಪೆಸಿಫಿಕ್‌ನಲ್ಲಿ ಸಿಡಿಸಿದ ಬಾಂಬ್ ಪರೀಕ್ಷೆಗೆ ಅಲ್ಲವಂತೆ, ಗಾಡ್ಜಿಲ್ಲಾವನ್ನು ಕೊಲ್ಲೋಕಂತೆ. ಒಂದೇ ಸಾಲಿನಲ್ಲಿ ಕಥೆ ತಲೆಕೆಳಗಾಯ್ತು. ಬಾಂಬಿನಿಂದ ರಾಕ್ಷಸ ಹುಟ್ಟಿದ ಕಥೆ ಹೋಗಿ, ರಾಕ್ಷಸನಿಂದಾಗಿ ಬಾಂಬ್ ಹಾಕಬೇಕಾಗಿ ಬಂದ ಕಥೆ ಆಯ್ತು.

2019ರ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಅದರಲ್ಲಿ ಇಶಿರೋ ಸೆರಿಜಾವಾ ಅನ್ನೋ ವಿಜ್ಞಾನಿ ಇದ್ದಾರೆ, ಕೆನ್ ವಾತಾನಾಬೆ ಮಾಡಿರೋ ಪಾತ್ರ. ನಿರ್ದೇಶಕ ಹೋಂಡಾ ಹೆಸರು, 1954ರ ವಿಜ್ಞಾನಿಯ ಹೆಸರು ಸೇರಿಸಿ ಗೌರವಕ್ಕೆ ಇಟ್ಟಿದ್ದು. 2014ರ ಚಿತ್ರದಲ್ಲಿ ಇವರ ಜೇಬಿನಲ್ಲಿ ಅಪ್ಪನ ಗಡಿಯಾರ ಇರುತ್ತೆ. ಹಿರೋಶಿಮಾದಲ್ಲಿ ಬೆಳಿಗ್ಗೆ 8:15ಕ್ಕೆ ನಿಂತುಹೋದ ಗಡಿಯಾರ. ಆ ಮನುಷ್ಯ 2019ರಲ್ಲಿ ಏನು ಮಾಡ್ತಾರೆ? ಗಾಯಗೊಂಡ ಗಾಡ್ಜಿಲ್ಲಾಗೆ ಶಕ್ತಿ ತುಂಬೋಕೆ ಅಣುಬಾಂಬ್ ತಗೊಂಡು ಹೋಗಿ, ಅದನ್ನ ತಾವೇ ಸಿಡಿಸಿ ಪ್ರಾಣ ಬಿಡ್ತಾರೆ. ಹಳೇ ಸೆರಿಜಾವಾ ಅಸ್ತ್ರ ಎರಡನೇ ಸಲ ಬಳಕೆಯಾಗಬಾರದು ಅಂತ ಸತ್ತ. ಹೊಸ ಸೆರಿಜಾವಾ ಬಾಂಬನ್ನೇ ಔಷಧ ಮಾಡಿ ಸತ್ತರು. ಎರಡೂ ದೃಶ್ಯದಲ್ಲಿ ಒಬ್ಬ ಒಳ್ಳೆಯವನು ನೀರಿನಡಿಯಲ್ಲಿ ಒಂಟಿಯಾಗಿ ಪ್ರಾಣ ಕೊಡ್ತಾನೆ. ಹಿನ್ನೆಲೆ ಸಂಗೀತ ಕೇಳಿ ಎರಡಕ್ಕೂ ಕಣ್ಣಲ್ಲಿ ನೀರು ಬರುತ್ತೆ. ಆದರೆ ಒಂದು ಇನ್ನೊಂದರ ನೇರ ವಿರುದ್ಧ.

ಇಲ್ಲಿ ಬಿಕಿನಿ ಜನರ ಕಥೆ ಹೇಳಲೇಬೇಕು. 1946ರಲ್ಲಿ ಬಾಂಬ್ ಪರೀಕ್ಷೆಗೆ ಜಾಗ ಬೇಕು ಅಂತ ಅಲ್ಲಿನ 167 ಜನರನ್ನು ಅವರ ದ್ವೀಪದಿಂದ ಎಬ್ಬಿಸಿದರು. ಇದು ಮನುಕುಲದ ಒಳಿತಿಗೆ ಅಂತ ಹೇಳಿ ಒಪ್ಪಿಸಿದ್ದು. 1958ರವರೆಗೆ ಅಲ್ಲಿ 23 ಬಾಂಬ್ ಸಿಡಿದವು. ಆಮೇಲೆ ಈಗ ಹೋಗಬಹುದು ಅಂತ ಹೇಳಿದ್ದನ್ನ ನಂಬಿ ಕೆಲವರು ವಾಪಸ್ ಹೋದರು. ಅವರ ಮೈಗೆ ವಿಕಿರಣ ಸೇರ್ತಿದೆ ಅಂತ ಗೊತ್ತಾಗಿ 1978ರಲ್ಲಿ ಮತ್ತೆ ಎಬ್ಬಿಸಿದರು. ಇದೂ ಒಂದು ಸೀಕ್ವೆಲ್ಲೇ, ಆದರೆ ಯಾರೂ ಟಿಕೆಟ್ ತಗೊಂಡು ನೋಡಲಿಲ್ಲ. ಗಾಡ್ಜಿಲ್ಲಾ ಲೋಕಪ್ರಸಿದ್ಧ ಆಯ್ತು, ಅದು ಹುಟ್ಟಿದ ಮನೆಯವರ ಹೆಸರು ಯಾರಿಗೂ ಗೊತ್ತಿಲ್ಲ. 'ಅದು ಪರೀಕ್ಷೆ ಅಲ್ಲ, ರಾಕ್ಷಸನನ್ನು ಕೊಲ್ಲೋ ಪ್ರಯತ್ನ' ಅಂತ ಒಂದು ಚಿತ್ರ ಸಲೀಸಾಗಿ ಹೇಳಿದಾಗ, ಆ ಕಲ್ಪನೆ ನಿಜವಾದ ಜನರ ಅಂಗಳಕ್ಕೆ ಹೋಗಿ ನಿಲ್ಲುತ್ತೆ. ನನ್ನ ಗೆಳೆಯನ 'ಅದು ಹಲ್ಲಿ ಕಣೋ' ಅನ್ನೋ ವಾದ ನನ್ನ ಮಟ್ಟಿಗೆ ಅಲ್ಲಿಗೆ ಕೆಲಸ ಮಾಡಲ್ಲ.

ಇದಕ್ಕೆ ಅಭಿಮಾನಿಗಳೇ ಕಾರಣ ಅಂತೀರಾ? ನಾನು ಒಪ್ಪಲ್ಲ. ಅಭಿಮಾನಿಗಳು ಬೇಡ ಅಂದ ಉದಾಹರಣೆಯೂ ಇದೆ. 1998ರಲ್ಲಿ ರೋಲಾಂಡ್ ಎಮೆರಿಕ್ ನ್ಯೂಯಾರ್ಕಿಗೆ ತಂದ ಗಾಡ್ಜಿಲ್ಲಾ ಕ್ಷಿಪಣಿ ಕಂಡರೆ ಓಡ್ತಿತ್ತು, ಸೇತುವೆಯ ತಂತಿಗಳಿಗೆ ಸಿಕ್ಕಿಕೊಂಡು ಸತ್ತೂ ಹೋಯ್ತು. ಅದರಲ್ಲಿ ಬಾಂಬ್ ಪರೀಕ್ಷೆ ಮಾಡಿದ್ದು ಫ್ರಾನ್ಸ್ ಅಂತ ತೋರಿಸಿ ಅಮೆರಿಕ ಕೈ ತೊಳೆದುಕೊಂಡಿತ್ತು. ಅಭಿಮಾನಿಗಳು ಇದು ಗಾಡ್ಜಿಲ್ಲಾನೇ ಅಲ್ಲ ಅಂತ ಪಟ್ಟು ಹಿಡಿದರು. ಎಷ್ಟರ ಮಟ್ಟಿಗೆ ಅಂದರೆ, ತೊಹೊ ಸಂಸ್ಥೆ ಆ ಪ್ರಾಣಿಗೆ 'ಜಿಲ್ಲಾ' ಅಂತ ಹೆಸರು ಕತ್ತರಿಸಿ, 2004ರ 'ಫೈನಲ್ ವಾರ್ಸ್' ಚಿತ್ರದಲ್ಲಿ ಸಿಡ್ನಿ ಊರಿನಲ್ಲಿ ಅಸಲಿ ಗಾಡ್ಜಿಲ್ಲಾ ಕೈಯಲ್ಲಿ ಅದನ್ನು ಕ್ಷಣದಲ್ಲಿ ಮುಗಿಸಿಬಿಟ್ಟಿತು. ಮೇಲ್ನೋಟಕ್ಕೆ ಇದು ಮಕ್ಕಳ ಜಗಳದಂತೆ ಕಾಣುತ್ತೆ. ಆದರೆ ಅದರೊಳಗೆ ಒಂದು ನಿಷ್ಠೆ ಇದೆ. ಈ ಪ್ರಾಣಿಗೆ ಒಂದು ತೂಕ ಇದೆ, ಅದನ್ನ ಕಳೀಬೇಡಿ ಅನ್ನೋ ಹಠ.

ಇನ್ನೊಂದು. 'ಮನುಷ್ಯರ ಕಥೆ ಯಾರಿಗೆ ಬೇಕು, ಫೈಟು ತೋರಿಸಿ' ಅಂತ ವರ್ಷಗಟ್ಟಲೆ ಗೊಣಗಿದ್ದ ಅದೇ ಜನ 'ಮೈನಸ್ ಒನ್' ಬಂದಾಗ ಹೇಳಿದ್ದೇನು? ಮನುಷ್ಯರ ಕಥೆಯೇ ಚೆನ್ನಾಗಿದೆ ಅಂತ! ಅವರಿಗೆ ಬೇಡವಾಗಿದ್ದು ಮನುಷ್ಯರಲ್ಲ, ಬದುಕಿದರೂ ಸತ್ತರೂ ವ್ಯತ್ಯಾಸ ಆಗದ ಮನುಷ್ಯರು. ಈ ಚಿತ್ರದಲ್ಲಿ ಗಾಡ್ಜಿಲ್ಲಾ ಎತ್ತರ ಮತ್ತೆ 50.1 ಮೀಟರಿಗೆ ಇಳೀತು, ಕ್ಯಾಮೆರಾ ಮತ್ತೆ ಬೀದಿಗೆ ಬಂತು. ನಿರ್ದೇಶಕ ತಕಾಶಿ ಯಮಾಜಾಕಿ ಜೊತೆ 35 ಜನ ಕಲಾವಿದರು ಕೂತು 610 ಶಾಟ್‌ಗಳ ದೃಶ್ಯಪರಿಣಾಮ ಮಾಡಿದರು, ಗಾಡ್ಜಿಲ್ಲಾಗೆ ಮೊದಲ ಆಸ್ಕರ್ ಬಂತು. ಬಿಡುಗಡೆಯ ದಿನ 2023ರ ನವೆಂಬರ್ 3. ಅದೇ ದಿನ, 69 ವರ್ಷ ಕಳೆದ ಮೇಲೆ.

ಒಂದು ದೂರು ನನ್ನದೂ ಇದೆ. ತನ್ನ ಸರ್ಕಾರ ಜನರ ಪ್ರಾಣವನ್ನು ಎಷ್ಟು ಅಗ್ಗ ಮಾಡಿತ್ತು ಅಂತ ಈ ಚಿತ್ರ ಧೈರ್ಯವಾಗಿ ಹೇಳುತ್ತೆ. ಅದೇ ಸೈನ್ಯ ಚೀನಾದಲ್ಲಿ, ಕೊರಿಯಾದಲ್ಲಿ ಅಗ್ಗ ಮಾಡಿದ ಪ್ರಾಣಗಳ ಬಗ್ಗೆ ಸುಮ್ಮನಿದೆ. ಕ್ಯಾಮೆರಾ ಬೀದಿಗೆ ಇಳಿದರೂ ಯಾವ ಊರಿನ ಬೀದಿ ಅನ್ನೋ ಪ್ರಶ್ನೆ ಉಳಿಯುತ್ತೆ.

*

ಈಗ ಮೊದಲನೇ ಪ್ರಶ್ನೆಗೆ ಬರೋಣ. ಶಿಕಿಶಿಮಾ, ನೊರಿಕೊ ನೆಮ್ಮದಿಯಾಗಿರಲಿ ಅನ್ನೋದು ಸರಿಯಾ, ಭಾಗ 2 ಬರಲಿ ಅನ್ನೋದು ಸರಿಯಾ?

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಯಾವುದೂ ಮುಗಿಯಲ್ಲ. ವರ್ಷನ್ 1 ಬಿಟ್ಟ ದಿನವೇ 1.1ರ ಪಟ್ಟಿ ರೆಡಿ ಇರುತ್ತೆ. ಮುಗೀತು ಅಂದರೆ ಆ ಪ್ರಾಡಕ್ಟ್ ಸತ್ತಿತು ಅಂತ ಅರ್ಥ. ಈಗ ಕಥೆಗಳನ್ನೂ ಹಾಗೇ ನೋಡೋ ಅಭ್ಯಾಸ ಬಂದಿದೆ. ಕೊನೆಯ ದೃಶ್ಯ ಅನ್ನೋದು ಮುಂದಿನ ರಿಲೀಸಿನ ಸೂಚನೆ. ಅಭಿಮಾನಿಗಳ ಆಸೆ ಅನ್ನೋದು ಫೀಚರ್ ಪಟ್ಟಿ: ಮುಂದಿನದರಲ್ಲಿ ಕಿಂಗ್ ಗಿಡೊರಾ ಬೇಕು, ಮೋತ್ರಾ ಬೇಕು. ಹಳ್ಳಿಯಲ್ಲಿ ನಮ್ಮಜ್ಜಿ ಕಥೆ ಮುಗಿಸೋ ರೀತಿ ಬೇರೆ ಇತ್ತು. 'ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಹಿಂಗಿದೀವಿ.' ಆಮೇಲೇನಾಯ್ತು ಅಂತ ಎಷ್ಟು ಪೀಡಿಸಿದರೂ ಅಷ್ಟೇ. ಈಗ ಯೋಚನೆ ಮಾಡಿದರೆ ಆ ಸಾಲಿನಲ್ಲಿ ಒಂದು ಮರ್ಯಾದೆ ಇದೆ ಅನ್ನಿಸುತ್ತೆ. ಕಥೆಯವರಿಗೆ ಅವರ ಸುಖ ಬಿಟ್ಟುಕೊಟ್ಟು, ಬಾಗಿಲು ಹಾಕಿಕೊಂಡು, ನಮ್ಮ ಪಾಡಿಗೆ ನಾವು ವಾಪಸ್ ಬರೋದು.

ಆದರೆ ಅದೇ ಅಜ್ಜಿ ಅದೇ ಕಥೆಯನ್ನ ನಾಳೆ ಮತ್ತೆ ಹೇಳ್ತಿದ್ದಳು. ಮುಂದುವರಿಸ್ತಿರಲಿಲ್ಲ, ಮೊದಲಿನಿಂದ ಹೇಳ್ತಿದ್ದಳು. ಮುಂದುವರಿಸೋದಕ್ಕೂ ಮತ್ತೆ ಹೇಳೋದಕ್ಕೂ ಇರೋ ವ್ಯತ್ಯಾಸವೇ ನನಗೆ ಇಲ್ಲಿ ಉತ್ತರದ ಹಾಗೆ ಕಾಣುತ್ತೆ. 2011ರ ಸುನಾಮಿ, ಫುಕುಶಿಮಾ ಅಣುಸ್ಥಾವರದ ದುರಂತ ಆದಮೇಲೆ ಹಿದೆಯಾಕಿ ಆನ್ನೊ 2016ರಲ್ಲಿ 'ಶಿನ್ ಗಾಡ್ಜಿಲ್ಲಾ' ಮಾಡಿದರು. ಅದು ಹಿಂದಿನ ಚಿತ್ರದ ಮುಂದಿನ ಭಾಗ ಅಲ್ಲ. ಗಾಡ್ಜಿಲ್ಲಾ ಅಂದ್ರೇನು ಅಂತಲೇ ಗೊತ್ತಿಲ್ಲದ ಜಪಾನಿನಲ್ಲಿ ಹೊಸದಾಗಿ ಬರುತ್ತೆ, ಅಧಿಕಾರಿಗಳು ಮೀಟಿಂಗ್ ಮೇಲೆ ಮೀಟಿಂಗ್ ಮಾಡ್ತಾ ಕೂರ್ತಾರೆ. 'ಮೈನಸ್ ಒನ್' ಕೂಡ ಮೊದಲಿನಿಂದ ಹೇಳಿದ ಕಥೆಯೇ. ಹಳೇ ಭಯವನ್ನು ಇವತ್ತಿನವರಿಗೆ ಮತ್ತೆ ಹೇಳಬೇಕಾದಾಗ ಗಾಡ್ಜಿಲ್ಲಾ ಬರೋದು ಒಂದು ರೀತಿ. ವೇಳಾಪಟ್ಟಿಯಲ್ಲಿ ಜಾಗ ಖಾಲಿ ಇದೆ ಅಂತ ಬರೋದು ಇನ್ನೊಂದು ರೀತಿ. 'ಮತ್ತೆ ಬರಲಿ' ಅನ್ನೋ ಮಾತು ಒಂದೇ, ಅರ್ಥ ಎರಡು.

ಆದರೂ ಈ ಸಲ ಮುಂದುವರಿಯುತ್ತೆ ಅನ್ನೋದು ನಿಕ್ಕಿ ಆಗಿದೆ. ಯಮಾಜಾಕಿ ಅವರೇ ಇನ್ನೊಂದು ಗಾಡ್ಜಿಲ್ಲಾ ಚಿತ್ರ ಮಾಡ್ತಾರೆ ಅಂತ 2024ರ ನವೆಂಬರ್‌ನಲ್ಲಿ ತೊಹೊ ಹೇಳಿತು, ಆಮೇಲೆ 'ಮೈನಸ್ ಜೀರೋ' ಅಂತ ಹೆಸರೂ ಬಂತು. ನಾನು ನೋಡೇ ನೋಡ್ತೀನಿ. ಹಾಗಾಗಿ ಎಲ್ಲರ ಥರ ನನ್ನದೂ ಒಂದು ಆಸೆ ಇಟ್ಟುಬಿಡ್ತೀನಿ. ನನಗೆ ಗಿಡೊರಾ ಬೇಡ, ಮೋತ್ರಾ ಬೇಡ. ನನ್ನ ಆಸೆ ನೊರಿಕೊ ಕುತ್ತಿಗೆಯ ಆ ಕಪ್ಪು ಗುರುತಿನ ಬಗ್ಗೆ.

ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಆ ಗುರುತು ಕಂಡ ತಕ್ಷಣ ಹೊಳೆದಿದ್ದು ಒಂದೇ: ಅವಳ ಮೈಯೊಳಗೆ ಗಾಡ್ಜಿಲ್ಲಾ ಸೇರಿಕೊಂಡಿದೆ, ಮುಂದಿನ ರಾಕ್ಷಸಿ ಅವಳೇ. ಕಥೆಯಾಗಿ ರೋಚಕವಾಗಿದೆ. ಆದರೆ ಹಿರೋಶಿಮಾ, ನಾಗಸಾಕಿಯಲ್ಲಿ ಬದುಕಿ ಉಳಿದವರ ಮೈಮೇಲೂ ಗುರುತುಗಳಿದ್ದವು. ಆ ಗುರುತು ಕಂಡು ಜನ ದೂರ ಸರಿದರು. ಕೆಲಸ ಕೊಡಲಿಲ್ಲ, ಹೆಣ್ಣು ಕೊಡಲಿಲ್ಲ, ಹೆಣ್ಣು ತರಲಿಲ್ಲ. ಅಂಟುರೋಗ ಅಂದುಕೊಂಡರು. ಹುಟ್ಟೋ ಮಕ್ಕಳು ಏನಾಗ್ತಾರೋ ಅಂತ ಹೆದರಿದರು. ಎಷ್ಟೋ ಜನ ತಾವು ಎಲ್ಲಿಯವರು ಅನ್ನೋದನ್ನೇ ಮುಚ್ಚಿಟ್ಟು ಬದುಕಿದರು. ಏಟು ತಿಂದವಳ ಮೈಮೇಲಿನ ಗಾಯ ನೋಡಿ 'ಇವಳೇ ಮುಂದಿನ ರಾಕ್ಷಸಿ' ಅನ್ನೋದು ಅವತ್ತು ಆ ಜನಕ್ಕೆ ನಿಜವಾಗಿ ಆಗಿದ್ದೇ ತಾನೇ?

ಹಾಗಾಗಿ ನನ್ನ ಆಸೆ ಇಷ್ಟು. ಆ ಗುರುತು ಕಾಯಿಲೆಯ ಗುರುತಾಗಿಯೇ ಇರಲಿ. ಶಿಕಿಶಿಮಾ ಅವಳನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ ಸಾಲಿನಲ್ಲಿ ಕೂರಲಿ. ಪಕ್ಕದ ಮನೆಯ ಸುಮಿಕೊ ಅಕ್ಕ ಅಕಿಕೊಗೆ ಊಟ ಹಾಕ್ತಾ ಇರಲಿ. ಬೀದಿಯವರು ನೊರಿಕೊ ಕುತ್ತಿಗೆ ಕಡೆ ನೋಡಿ ಪಿಸುಗುಟ್ಟಲಿ, ಅವಳು ಸೆರಗನ್ನೋ ಕರವಸ್ತ್ರವನ್ನೋ ಸುತ್ತಿಕೊಂಡು ಮಾರ್ಕೆಟ್ಟಿಗೆ ಹೋಗಿ ಬರಲಿ. ಗಾಡ್ಜಿಲ್ಲಾ ಸಮುದ್ರದಲ್ಲಿ ಬೆಳೀತಾ ಇರಲಿ, ಬರೋದು ಬಂದೇ ಬರುತ್ತೆ. ಅದು ಬಂದಾಗ ಚಪ್ಪಾಳೆ ಹೊಡೆಯೋಕೆ ನಾನೂ ಇರ್ತೀನಿ. ಆದರೆ ಅದಕ್ಕೆ ಮೊದಲು ಒಂದು ಅರ್ಧ ಗಂಟೆ ಆ ಆಸ್ಪತ್ರೆಯ ಸಾಲನ್ನು ನೋಡೋಕೆ ನಮಗೆ ತಾಳ್ಮೆ ಇದೆಯಾ ಅನ್ನೋದು ನನ್ನ ಕುತೂಹಲ. ತಾಳ್ಮೆ ಇದ್ದರೆ, ಭಾಗ 2 ಬೇಕು ಅಂತ ಕೇಳೋ ಹಕ್ಕೂ ಇದೆ ಅಂತ ನಾನಂತೂ ಅಂದುಕೊಂಡಿದೀನಿ. ನೀವೇನಂತೀರಿ?